ಮಣ್ಣು ಹಾಕಿದರೂ ನೀರಿನ ಬಣ್ಣ ಇಳಿಯುತ್ತಿಲ್ಲವೇ? ದೋಷ ಹುಡುಕುವ ಕ್ರಮ

ತೊಂದರೆ ಹೀಗಿರುತ್ತದೆ. ನೂಲಿಗೋ ಬಟ್ಟೆಗೋ ಬಣ್ಣ ಹಾಕಿದ ಮೇಲೆ ಉಳಿದ ನೀರಿಗೆ ಬೆಂಟೊನೈಟ್ ಜೇಡಿ ಹಾಕಿ ಕಲಕುತ್ತೀರಿ. ತಿಂಗಳುಗಟ್ಟಲೆ ಚೆನ್ನಾಗಿ ನಡೆದಿರುತ್ತದೆ. ಮಣ್ಣು ತಳಕ್ಕೆ ಕೂರುತ್ತದೆ, ಮೇಲಿನ ನೀರು ತಿಳಿಯಾಗುತ್ತದೆ. ಆಮೇಲೆ ಒಂದು ದಿನ ಮಣ್ಣು ಕೂತರೂ ನೀರು ಕೆಂಪಗೇ ಉಳಿಯುತ್ತದೆ. ಆಪರೇಟರ್ ಕೇಳುವ ಮೊದಲ ಮಾತು ಒಂದೇ: "ಸಾರ್, ಇನ್ನೆರಡು ಮೂಟೆ ಹಾಕ್ಲಾ?"

ದಯವಿಟ್ಟು ಬೇಡ. ಹಾಕಿದ ಪ್ರತಿ ಕಿಲೋ ಮಣ್ಣೂ ನಾಳೆ ಸ್ಲಡ್ಜ್ ಆಗಿ, ಅಂದರೆ ತಳದ ಕೆಸರಾಗಿ, ನಿಮ್ಮ ಅಂಗಳದಲ್ಲೇ ಕೂರುತ್ತದೆ. ಇಟಿಪಿಯ (ಕಾರ್ಖಾನೆಯ ಕೊಳಕು ನೀರು ಶುದ್ಧ ಮಾಡುವ ಘಟಕದ) ರಾಸಾಯನಿಕ ಸ್ಲಡ್ಜ್ 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಗುಂಡಿ ತೋಡಿ ಮುಚ್ಚುವ ಹಾಗಿಲ್ಲ, ಹೊಲಕ್ಕೆ ಹಾಕುವ ಹಾಗಿಲ್ಲ. ಸಾಗಿಸುವುದಕ್ಕೂ ದುಡ್ಡು, ತ್ಯಾಜ್ಯ ಘಟಕದಲ್ಲಿ ಇಳಿಸುವುದಕ್ಕೂ ದುಡ್ಡು. ಅದಕ್ಕಿಂತ ದೊಡ್ಡ ಮಾತು ಬೇರೆ ಇದೆ. ಬಣ್ಣ ಇಳಿಯದೆ ಇರುವುದಕ್ಕೆ ಮಣ್ಣು ಕಡಿಮೆ ಆಗಿದ್ದೇ ಕಾರಣ ಅನ್ನುವುದು ತುಂಬಾ ಅಪರೂಪ. ಸಾಮಾನ್ಯವಾಗಿ ಆ ಬಣ್ಣಕ್ಕೂ ಆ ಮಣ್ಣಿಗೂ ಹೊಂದಿಕೆಯೇ ಇರುವುದಿಲ್ಲ. ಹೊಂದದ ಮಣ್ಣನ್ನು ಎಷ್ಟು ಸುರಿದರೂ ಅಷ್ಟೇ.

ಹಾಸನದ ಹೊರವಲಯದಲ್ಲಿ ಜವಳಿಗೆಂದೇ ವಿಶೇಷ ಆರ್ಥಿಕ ವಲಯ ಇದೆ. ಸುತ್ತಮುತ್ತ ಸಣ್ಣಪುಟ್ಟ ಘಟಕಗಳೂ ಇವೆ. ಇಲ್ಲಿ ಬಿಟ್ಟ ನೀರು ಹಳ್ಳ ಹಿಡಿದು, ಕೆರೆ ದಾಟಿ, ಕೊನೆಗೆ ಹೇಮಾವತಿ ಕಡೆಗೇ ಹೋಗಬೇಕು. ಕೆಳಗಡೆ ಅದೇ ನೀರನ್ನು ಗದ್ದೆಗೆ ಹಾಯಿಸುವವರಿದ್ದಾರೆ, ದನಕ್ಕೆ ಕುಡಿಸುವವರಿದ್ದಾರೆ. ಹಾಗಾಗಿ ಈ ಕೆಲಸ ಸರಿಯಾಗಿ ಆಗಬೇಕು ಅನ್ನುವುದು ನನ್ನ ಆಸೆ. ನಾನು ನೋಡಿದ ಒಂದು ಘಟಕದ ತೊಂದರೆಯನ್ನು ಇಟ್ಟುಕೊಂಡು, ದೋಷ ಹುಡುಕುವ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಘಟಕದ ಹೆಸರು ಬೇಡ. ಅಲ್ಲಿ ಆಗಿದ್ದು ಎಲ್ಲಿ ಬೇಕಾದರೂ ಆಗಬಹುದು.

ಉಳಿದಿರುವುದು ಬಣ್ಣವೋ, ಮಣ್ಣೋ?

ಇದನ್ನು ಮೊದಲು ತೀರ್ಮಾನ ಮಾಡಿ. ಬೆಂಟೊನೈಟ್ ಕಣ ತೀರಾ ಸಣ್ಣದು. ಸರಿಯಾಗಿ ಗಂಟುಗಟ್ಟಿ ಕೂರದಿದ್ದರೆ ದಿನಗಟ್ಟಲೆ ನೀರಿನಲ್ಲೇ ತೇಲುತ್ತದೆ. ಬಣ್ಣ ಹೀರಿದ ಮಣ್ಣೇ ತೇಲುತ್ತಿದ್ದರೆ ನೀರು ಬಣ್ಣವಾಗಿಯೇ ಕಾಣುತ್ತದೆ, ಅಲ್ವಾ? ಆಗ ನಿಮ್ಮ ದೋಷ ಬಣ್ಣ ಹಿಡಿಯುವುದರಲ್ಲಿ ಇಲ್ಲ, ಮಣ್ಣು ಕೂರಿಸುವುದರಲ್ಲಿ ಇದೆ.

ಗೊತ್ತು ಮಾಡಿಕೊಳ್ಳುವುದು ಸುಲಭ. ಮೇಲಿನ ನೀರನ್ನು ಗಾಜಿನ ಲೋಟಕ್ಕೆ ತೆಗೆದುಕೊಳ್ಳಿ. ಕತ್ತಲೆ ಇರುವ ಕಡೆ ಪಕ್ಕದಿಂದ ಮೊಬೈಲ್ ಟಾರ್ಚ್ ಬಿಡಿ. ಬೆಳಕಿನ ಹಾದಿ ನೀರೊಳಗೆ ಗೆರೆಯ ಹಾಗೆ ಎದ್ದು ಕಂಡರೆ ಕಣ ತೇಲುತ್ತಿದೆ ಎಂದು ಅರ್ಥ. ನೀರು ಬಣ್ಣವಾಗಿದ್ದೂ ಗೆರೆ ಕಾಣದಿದ್ದರೆ ಅದು ನಿಜಕ್ಕೂ ಕರಗಿರುವ ಬಣ್ಣ. ಇನ್ನೂ ಖಚಿತ ಬೇಕಾದರೆ ಒಂದು ಲೋಟಕ್ಕೆ ಚಿಟಿಕೆ ಪಟಿಕದ ಪುಡಿ ಹಾಕಿ, ನಿಧಾನ ಕಲಕಿ, ಅರ್ಧ ಗಂಟೆ ಬಿಡಿ. ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎನ್ನುವ ಅಳತೆ) 6ರಿಂದ 7.5ರ ಒಳಗೆ ಇರಬೇಕು, ಇಲ್ಲದಿದ್ದರೆ ಪಟಿಕ ಕೆಲಸ ಮಾಡುವುದಿಲ್ಲ. ಹತ್ತಿಯಂಥ ಉಂಡೆ ಕಟ್ಟಿ ಕೂತು ನೀರು ತಿಳಿಯಾದರೆ ಮಣ್ಣೇ ತೇಲುತ್ತಿದ್ದಿರಬಹುದು. ಆದರೆ ಪಟಿಕ ಕೆಲವು ಕರಗಿದ ಬಣ್ಣವನ್ನೂ ಎಳೆದು ತರುತ್ತದೆ. ಅದಕ್ಕೇ ಟಾರ್ಚ್ ಮೊದಲು, ಪಟಿಕ ಆಮೇಲೆ.

ಲ್ಯಾಬಿನಲ್ಲಿ ಸ್ಪೆಕ್ಟ್ರೋಫೋಟೋಮೀಟರ್ (ನೀರು ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಯಂತ್ರ) ಇದ್ದರೆ 800 ನ್ಯಾನೋಮೀಟರಿನಲ್ಲೂ ಒಂದು ರೀಡಿಂಗ್ ತೆಗೆದುಕೊಳ್ಳಿ. ಹೆಚ್ಚಿನ ಬಟ್ಟೆ ಬಣ್ಣಗಳು ಅಲ್ಲಿ ಬೆಳಕನ್ನು ಹೀರುವುದೇ ಇಲ್ಲ. ಅಲ್ಲೂ ರೀಡಿಂಗ್ ಬಂದರೆ ಅದು ಕಣದ ಕೆಲಸ.

ಎರಡು ಬಾಟಲಿಯ ಪರೀಕ್ಷೆ

ಕರಗಿದ ಬಣ್ಣವೇ ಎಂದು ಗೊತ್ತಾಯಿತು ಅಂದುಕೊಳ್ಳಿ. ಈಗ ಕೇಳಬೇಕಾದ್ದು ಒಂದೇ ಪ್ರಶ್ನೆ: ಈ ಬಣ್ಣ ಪ್ಲಸ್ಸೋ, ಮೈನಸ್ಸೋ?

ಬೆಂಟೊನೈಟಿನ ಪದರಗಳ ಮೇಲೆ ಮೈನಸ್ ಚಾರ್ಜು ಇರುತ್ತದೆ. ಆ ಪದರಗಳ ನಡುವೆ ಸೋಡಿಯಂ, ಕ್ಯಾಲ್ಸಿಯಂ ಕೂತಿರುತ್ತವೆ. ಪ್ಲಸ್ ಚಾರ್ಜಿನ ಬಣ್ಣ ಬಂದರೆ ಅವುಗಳನ್ನು ಎಬ್ಬಿಸಿ ತಾನು ಕೂರುತ್ತದೆ. ಗಟ್ಟಿಯಾಗಿ ಕೂರುತ್ತದೆ, ನಿಮಿಷಗಳಲ್ಲಿ ಕೂರುತ್ತದೆ. ಮೈನಸ್ ಚಾರ್ಜಿನ ಬಣ್ಣ ಬಂದರೆ ಮಣ್ಣು ಅದನ್ನು ದೂರ ತಳ್ಳುತ್ತದೆ. ಇಡೀ ಕೆಲಸದ ಬುಡ ಇದೇ.

ಅಕ್ರಿಲಿಕ್ ನೂಲಿಗೆ ಹಾಕುವ ಬೇಸಿಕ್ ಬಣ್ಣಗಳು ಪ್ಲಸ್. ಹತ್ತಿಗೆ ಹಾಕುವ ರಿಯಾಕ್ಟಿವ್ ಮತ್ತು ಡೈರೆಕ್ಟ್ ಬಣ್ಣಗಳು, ಉಣ್ಣೆ, ರೇಷ್ಮೆ, ನೈಲಾನ್‌ಗೆ ಹಾಕುವ ಆಸಿಡ್ ಬಣ್ಣಗಳು ಎಲ್ಲ ಮೈನಸ್. ಅವುಗಳಲ್ಲಿ ಮೈನಸ್ ಚಾರ್ಜಿನ ಸಲ್ಫೋನೇಟ್ ಗುಂಪುಗಳಿರುತ್ತವೆ. ಪಾಲಿಯೆಸ್ಟರಿನ ಡಿಸ್ಪರ್ಸ್ ಬಣ್ಣ ಕರಗುವುದೇ ಇಲ್ಲ, ಪುಡಿಯಾಗಿ ತೇಲುತ್ತದೆ. ಅದಕ್ಕೆ ಪಟಿಕವೇ ಸಾಕು, ಬೆಂಟೊನೈಟ್ ದಂಡ.

ನಾನು ಹೇಳಿದ ಘಟಕದಲ್ಲಿ ಅಕ್ರಿಲಿಕ್ ನೂಲಿನ ಕೆಲಸ ನಡೆಯುತ್ತಿತ್ತು. ಬೆಂಟೊನೈಟ್ ಚೆನ್ನಾಗಿ ಒಗ್ಗಿತ್ತು. ಆಮೇಲೆ ಹತ್ತಿ ನೂಲಿನ ಆರ್ಡರ್ ಬಂತು. ಬಣ್ಣ ಹಾಕುವ ಕಡೆ ಎಲ್ಲರಿಗೂ ಅದು ಗೊತ್ತು. ಇಟಿಪಿ ಕಡೆ ಯಾರೂ ಹೇಳಲಿಲ್ಲ. ಇಟಿಪಿಯ ಹುಡುಗ ಪಾಪ, ಬಂದ ಕೆಂಪು ನೀರಿಗೆ ಹಳೇ ಲೆಕ್ಕದಲ್ಲೇ ಮಣ್ಣು ಹಾಕುತ್ತಿದ್ದ. ಆಗದಿದ್ದಾಗ ದುಪ್ಪಟ್ಟು ಹಾಕಿದ. ಟ್ಯಾಂಕಿನ ತಳದಲ್ಲಿ ಮೊಣಕಾಲುದ್ದ ಕೆಸರು, ಮೇಲೆ ಅದೇ ಕೆಂಪು.

ಇಂಥ ಅನುಮಾನ ಬಂದಾಗ ಮಾಡಬೇಕಾದ ಪರೀಕ್ಷೆಗೆ ಲ್ಯಾಬ್ ಬೇಡ. ಹಾಸನದ ಅಂಗಡಿಗಳಲ್ಲಿ ಸಿಗುವ ಸಾಮಾನೇ ಸಾಕು. ಮೀನು ಸಾಕುವವರ ಅಂಗಡಿಯಲ್ಲಿ ಮೀನಿನ ಔಷಧಿ ಎಂದು ಮೆಥಿಲೀನ್ ಬ್ಲೂ ಸಿಗುತ್ತದೆ. ಅದು ಪ್ಲಸ್ ಬಣ್ಣ. ದಿನಸಿ ಅಂಗಡಿಯಲ್ಲಿ ಕೇಸರಿಬಾತಿಗೆ ಹಾಕುವ ಹಳದಿ ಬಣ್ಣ ಸಿಗುತ್ತದೆ. ಅನುಮತಿ ಇರುವ ತಿನಿಸಿನ ಹಳದಿ ಬಣ್ಣಗಳಾದ ಟಾರ್ಟ್ರಜೈನ್, ಸನ್‌ಸೆಟ್ ಯೆಲ್ಲೋ ಎರಡೂ ಮೈನಸ್. ಎಫ್ಎಸ್ಎಸ್ಎಐ ಗುರುತಿರುವ, ಬಣ್ಣದ ಹೆಸರು ಬರೆದಿರುವ ಪೊಟ್ಟಣವನ್ನೇ ತನ್ನಿ. ಸಂತೆಯಲ್ಲಿ ಬಿಡಿಯಾಗಿ ಸಿಗುವ ಗುಲಾಬಿ ಪುಡಿ ಬೇಡ. ಅದು ರೋಡಮಿನ್ ಬಿ ಆಗಿರಬಹುದು. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಬಾಂಬೆ ಮಿಠಾಯಿಯಲ್ಲಿ ಬಳಸಬಾರದು ಎಂದು ಆದೇಶ ಮಾಡಿದ್ದು ಅದನ್ನೇ. ಅದು ಬೆಂಟೊನೈಟಿಗೆ ಚೆನ್ನಾಗಿ ಅಂಟುತ್ತದೆ. ನಿಮ್ಮ ಪರೀಕ್ಷೆಯೇ ತಲೆಕೆಳಗಾಗುತ್ತದೆ.

ಎರಡು ಒಂದು ಲೀಟರಿನ ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಮೆಥಿಲೀನ್ ಬ್ಲೂ ಕೆಲವು ಹನಿ, ಇನ್ನೊಂದರಲ್ಲಿ ಹಳದಿ ಬಣ್ಣ ಒಂದೆರಡು ಚಿಟಿಕೆ. ಎರಡೂ ತೆಳುವಾಗಿರಲಿ, ಬಾಟಲಿಯ ಹಿಂದೆ ಹಿಡಿದ ಅಕ್ಷರ ಓದಲು ಬರುವಷ್ಟು. ಮೊದಲೇ ನೆನೆಸಿಟ್ಟ ಬೆಂಟೊನೈಟ್ ಕೆಸರನ್ನು ಒಂದೊಂದು ಚಮಚ ಎರಡಕ್ಕೂ ಹಾಕಿ, ಚೆನ್ನಾಗಿ ಕುಲುಕಿ, ಬಿಡಿ. ನೀಲಿ ಬಾಟಲಿಯಲ್ಲಿ ಬಣ್ಣ ಪೂರ್ತಿ ಮಣ್ಣಿನ ಜೊತೆ ಹೋಗುತ್ತದೆ. ಮಣ್ಣು ಸ್ವಲ್ಪ ನೇರಳೆಗೆ ತಿರುಗಬಹುದು. ಮಣ್ಣಿನ ಮೇಲೆ ಬಣ್ಣದ ಕಣಗಳು ಒತ್ತೊತ್ತಾಗಿ ಕೂತಾಗ ಹಾಗೆ ಕಾಣುತ್ತದೆ, ಅದು ದೋಷ ಅಲ್ಲ. ಹಳದಿ ಬಾಟಲಿಯಲ್ಲಿ ಮಣ್ಣು ಕೂತ ಮೇಲೂ ನೀರು ಹಳದಿಯಾಗೇ ಇರುತ್ತದೆ.

ಈಗ ನಿಮ್ಮ ಟ್ಯಾಂಕಿನ ನೀರನ್ನು ಅದೇ ಅಳತೆಗೆ ತೆಳು ಮಾಡಿ, ಅದೇ ಕೆಸರು ಹಾಕಿ, ಇವೆರಡರ ಪಕ್ಕ ಇಡಿ. ಅದು ಯಾವ ಬಾಟಲಿಯ ಹಾಗೆ ನಡೆದುಕೊಳ್ಳುತ್ತದೆ? ನೀಲಿಯ ಹಾಗೆ ಆದರೆ ಬಣ್ಣ ಪ್ಲಸ್, ದೋಷ ಮಣ್ಣು ಹಾಕುವ ರೀತಿಯಲ್ಲಿದೆ. ಹಳದಿಯ ಹಾಗೆ ಆದರೆ ಮಣ್ಣನ್ನೇ ಬದಲಾಯಿಸಬೇಕು. ಇನ್ನೊಂದು ಸಾಧ್ಯತೆಯೂ ಇದೆ. ನೀಲಿ ಬಾಟಲಿಯೇ ತಿಳಿಯಾಗಲಿಲ್ಲ ಅಂದರೆ ನೀವು ತಂದ ಬೆಂಟೊನೈಟೇ ಸರಿ ಇಲ್ಲ.

ಆ ಘಟಕದಲ್ಲಿ ಟ್ಯಾಂಕಿನ ನೀರು ಹಳದಿ ಬಾಟಲಿಯ ಪಕ್ಕ ನಿಂತಿತು. ಅಲ್ಲಿಗೆ ಮೂಟೆ ಲೆಕ್ಕ ನಿಂತಿತು.

ಬಣ್ಣ ಪ್ಲಸ್ ಆಗಿದ್ದೂ ಇಳಿಯದಿದ್ದರೆ

ಮೊದಲು ಮಣ್ಣನ್ನೇ ಪರೀಕ್ಷಿಸಿ. ನಮ್ಮಲ್ಲಿಗೆ ಬರುವ ಬೆಂಟೊನೈಟ್ ಗುಜರಾತಿನ ಕಛ್, ರಾಜಸ್ಥಾನದ ಬಾರ್ಮೇರ್ ಕಡೆಯದು. ಅರ್ಥಿಂಗ್ ಗುಂಡಿಗೆ ಹಾಕಲು ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಮಾರುವ ಮೂಟೆಯಲ್ಲಿ ಉಪ್ಪೋ ಇದ್ದಿಲೋ ಬೆರೆತಿರಬಹುದು. ಅಗ್ಗ ಎಂದು ಅದನ್ನೇ ತಂದರೆ ಲೆಕ್ಕ ತಪ್ಪುತ್ತದೆ.

ಫೌಂಡ್ರಿಯವರೂ ಬೋರ್ ಕೊರೆಯುವವರೂ ಬೆಂಟೊನೈಟಿನ ಗುಣ ನೋಡಲು ಮಾಡುವ ಪರೀಕ್ಷೆ ನಮಗೂ ಸರಿಹೊಂದುತ್ತದೆ. 105 ಡಿಗ್ರಿಯಲ್ಲಿ ಒಣಗಿಸಿದ ಮಣ್ಣು 1 ಗ್ರಾಂ, ನೀರು 50 ಮಿಲಿಲೀಟರ್, ತೆಳು ಸಲ್ಫ್ಯೂರಿಕ್ ಆಸಿಡ್ ಕೆಲವು ಹನಿ. ಹತ್ತು ನಿಮಿಷ ಮೆಲ್ಲಗೆ ಕುದಿಸಿ ಆರಿಸಿ. ಬೇರೆ ಕಡೆ ಲೀಟರಿಗೆ 3.74 ಗ್ರಾಂ ಲೆಕ್ಕದಲ್ಲಿ ಮೆಥಿಲೀನ್ ಬ್ಲೂ ದ್ರಾವಣ ಮಾಡಿಕೊಳ್ಳಿ. ಇದಕ್ಕೆ ಲ್ಯಾಬ್ ದರ್ಜೆಯದೇ ಬೇಕು, ಮೀನಿನ ಔಷಧಿ ಆಗದು. ಕೆಸರಿಗೆ ಆ ದ್ರಾವಣವನ್ನು ಸ್ವಲ್ಪಸ್ವಲ್ಪವೇ ಬಿಡುತ್ತಾ ಕಲಕಿ. ಪ್ರತಿ ಸಲ ಗಾಜಿನ ಕಡ್ಡಿಯ ತುದಿಯಿಂದ ಒಂದು ಹನಿ ತೆಗೆದು ಫಿಲ್ಟರ್ ಕಾಗದದ ಮೇಲೆ ಇಡಿ. ನಡುವೆ ಕಡು ನೀಲಿ ಚುಕ್ಕೆ, ಸುತ್ತ ಬಣ್ಣವಿಲ್ಲದ ಒದ್ದೆ. ಮಣ್ಣಿಗೆ ಇನ್ನೂ ಜಾಗ ಇದೆ ಎಂದು ಅರ್ಥ. ಒಂದು ಹಂತದಲ್ಲಿ ಆ ಒದ್ದೆಯ ಅಂಚಿಗೆ ತಿಳಿ ನೀಲಿ ಉಂಗುರ ಮೂಡುತ್ತದೆ. ಎರಡು ನಿಮಿಷ ಕಲಕಿ ಮತ್ತೆ ಹನಿ ಇಡಿ. ಉಂಗುರ ಹಾಗೇ ಇದ್ದರೆ ಮಣ್ಣು ತುಂಬಿತು. ಅಲ್ಲಿವರೆಗೆ ಎಷ್ಟು ಮಿಲಿಲೀಟರ್ ಹಿಡಿಯಿತೋ ಅದೇ ಸಂಖ್ಯೆ 100 ಗ್ರಾಂ ಮಣ್ಣಿನ ಕ್ಯಾಟಯಾನ್ ವಿನಿಮಯ ಶಕ್ತಿ, ಅಂದರೆ ಪ್ಲಸ್ ಕಣ ಹಿಡಿಯುವ ಶಕ್ತಿ, ಮಿಲಿಈಕ್ವಿವಲೆಂಟ್ ಲೆಕ್ಕದಲ್ಲಿ.

ಒಳ್ಳೆಯ ಬೆಂಟೊನೈಟಿಗೆ ಇದು 80ರ ಆಸುಪಾಸು ಅಥವಾ ಅದಕ್ಕೂ ಮೇಲೆ ಬರುತ್ತದೆ. ಕೇಯೊಲಿನ್ ಅಂದರೆ ಬಿಳಿ ಜೇಡಿಗೆ 3ರಿಂದ 15. ನಿಮ್ಮ ಮೂಟೆ 30, 40ಕ್ಕೇ ಉಂಗುರ ತೋರಿಸಿದರೆ ಅದರಲ್ಲಿ ಬೇರೇನೋ ಬೆರೆತಿದೆ. ಮಾರಿದವರಿಗೆ ವಾಪಸ್ ಕಳಿಸಿ.

ಈ ಸಂಖ್ಯೆಯಿಂದ ಎಷ್ಟು ಮಣ್ಣು ಬೇಕು ಎಂಬ ಅಂದಾಜೂ ಸಿಗುತ್ತದೆ. 80 ಬಂದ ಮಣ್ಣು ಗ್ರಾಂಗೆ ಸುಮಾರು 250 ಮಿಲಿಗ್ರಾಂ ಮೆಥಿಲೀನ್ ಬ್ಲೂ ಹಿಡಿಯುತ್ತದೆ. ನೀರಿನಲ್ಲಿ ಲೀಟರಿಗೆ 100 ಮಿಲಿಗ್ರಾಂ ಅಂಥ ಬಣ್ಣ ಇದ್ದರೆ ಲೆಕ್ಕದ ಪ್ರಕಾರ 0.4 ಗ್ರಾಂ ಸಾಕು. ಬೇರೆ ಬೇಸಿಕ್ ಬಣ್ಣಗಳಿಗೆ ಇದು ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ನಿಜವಾದ ನೀರಿಗೆ ದುಪ್ಪಟ್ಟು ಇಟ್ಟುಕೊಂಡರೂ ಸಾವಿರ ಲೀಟರಿಗೆ ಒಂದು ಕಿಲೋ ಮೀರಬಾರದು. ಐದು ಕಿಲೋ ಹಾಕಿಯೂ ಬಣ್ಣ ಉಳಿದರೆ ಬೇರೆ ಕಡೆ ನೋಡಿ.

ಬೇರೆ ಕಡೆ ಅಂದರೆ ಎಲ್ಲಿ? ಬಹಳ ಸಲ ಗಂಟು. ಒಣ ಬೆಂಟೊನೈಟನ್ನು ನೇರವಾಗಿ ಉಪ್ಪುಪ್ಪಾದ ನೀರಿಗೆ ಸುರಿದರೆ ಸರಿಯಾಗಿ ಕಲಕದೆ ಹಿಟ್ಟು ಹಾಕಿದ ಮುದ್ದೆಯ ಹಾಗೆ ಆಗುತ್ತದೆ. ಹೊರಗೆ ಒದ್ದೆ, ಒಡೆದು ನೋಡಿದರೆ ಒಳಗೆ ಒಣ ಪುಡಿ. ಆ ಒಳಗಿನ ಮಣ್ಣಿಗೆ ಬಣ್ಣ ತಾಕುವುದೇ ಇಲ್ಲ. ತಳದ ಕೆಸರನ್ನು ಹಿಡಿಯಷ್ಟು ತೆಗೆದು, ಗ್ಲೌಸ್ ಹಾಕಿದ ಕೈಯಲ್ಲಿ ಹಿಸುಕಿ ನೋಡಿ. ಬೂದು ಬಿಳುಪಿನ ಗಂಟು ಸಿಕ್ಕರೆ ದೋಷ ಸಿಕ್ಕಿತು. ಪರಿಹಾರ: ಮೆದು ನೀರಿನಲ್ಲಿ ನೂರಕ್ಕೆ ಐದರ ಅಳತೆಯಲ್ಲಿ ಮಣ್ಣು ಉದುರಿಸುತ್ತಾ ಕಲಕಿ, ಒಂದು ರಾತ್ರಿ ನೆನೆಸಿ, ಆ ಕೆಸರನ್ನು ಡೋಸ್ ಮಾಡಿ. ನೆನೆಸುವ ನೀರು ಮುಖ್ಯ. ಗಡಸು ಬೋರ್ ನೀರಿನ ಕ್ಯಾಲ್ಸಿಯಂ ಮಣ್ಣಿನೊಳಗೆ ಕೂತು ಉಬ್ಬುವುದನ್ನು ತಡೆಯುತ್ತದೆ. ಮಳೆ ನೀರೋ ಹೊಳೆ ನೀರೋ ಆದರೆ ಒಳ್ಳೆಯದು. ಮಣ್ಣು ಉಬ್ಬುವ ಜಾತಿಯದೋ ಎಂದು ನೋಡಲು 100 ಮಿಲಿಲೀಟರಿನ ಅಳತೆ ಜಾಡಿಗೆ 2 ಗ್ರಾಂ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಒಳ್ಳೆಯ ಸೋಡಿಯಂ ಬೆಂಟೊನೈಟ್ ಮರುದಿನಕ್ಕೆ 20 ಮಿಲಿಲೀಟರ್ ಗೆರೆ ದಾಟಿ ಉಬ್ಬಿರುತ್ತದೆ.

ಇನ್ನೊಂದು ಕಾರಣ ಯಾರ ಗಮನಕ್ಕೂ ಬರುವುದಿಲ್ಲ. ಅಕ್ರಿಲಿಕ್‌ಗೆ ಬಣ್ಣ ಹಾಕುವಾಗ ಬಣ್ಣ ಪಟ್ಟೆ ಪಟ್ಟೆಯಾಗಿ ಹಿಡಿಯದಿರಲಿ ಎಂದು ರಿಟಾರ್ಡರ್ ಹಾಕುತ್ತಾರೆ. ಅವು ಹೆಚ್ಚಾಗಿ ಕ್ವಾಟರ್ನರಿ ಅಮೋನಿಯಂ ಜಾತಿಯವು, ಪ್ಲಸ್ ಚಾರ್ಜಿನವು. ಬಟ್ಟೆ ಮೆದು ಮಾಡುವ ಸಾಫ್ಟನರ್ ಕೂಡ ಹೆಚ್ಚಾಗಿ ಅದೇ ಜಾತಿ. ಇವು ಬಣ್ಣಕ್ಕಿಂತ ಮೊದಲೇ ಮಣ್ಣಿನಲ್ಲಿ ಜಾಗ ಹಿಡಿದುಬಿಡುತ್ತವೆ. ಬಣ್ಣಕ್ಕೆ ಕೂರಲು ಜಾಗವೇ ಇಲ್ಲ. ಬಾಟಲಿಯಲ್ಲಿ ಕುಲುಕಿದಾಗ ನೊರೆ ತುಂಬಾ ಹೊತ್ತು ನಿಂತರೆ ಈ ಅನುಮಾನ ಇಟ್ಟುಕೊಳ್ಳಿ. ಬಣ್ಣ ಹಾಕುವ ಮೇಸ್ತ್ರಿಯನ್ನು ಕೇಳಿ, ರೆಸಿಪಿ ಹಾಳೆ ನೋಡಿ. ಸಾಫ್ಟನರ್ ನೀರನ್ನು ಬಣ್ಣದ ನೀರಿನ ಜೊತೆ ಸೇರಿಸದೆ ಬೇರೆ ಟ್ಯಾಂಕಿಗೆ ಬಿಟ್ಟರೆ ಅರ್ಧ ತೊಂದರೆ ಹೋಗುತ್ತದೆ.

ಮಣ್ಣು ಕಡಿಮೆ ಹಾಕಿದಾಗಲೂ ಒಂದು ವಿಚಿತ್ರ ಕಾಣುತ್ತದೆ. ಮಣ್ಣು ತನ್ನ ಶಕ್ತಿ ಮೀರಿ ಪ್ಲಸ್ ಬಣ್ಣ ಹೊತ್ತುಕೊಂಡರೆ ಅದರ ಚಾರ್ಜೇ ತಿರುಗಿ ಪ್ಲಸ್ ಆಗುತ್ತದೆ. ಕಣಗಳು ಒಂದನ್ನೊಂದು ತಳ್ಳಿ ಮತ್ತೆ ತೇಲತೊಡಗುತ್ತವೆ. ಟಾರ್ಚ್ ಬಿಟ್ಟಾಗ ದಟ್ಟ ಬಣ್ಣದ ಗೆರೆ ಕಾಣುವುದು ಆಗಲೇ. ಇದೊಂದು ಸಂದರ್ಭದಲ್ಲಿ ಮಾತ್ರ ಸ್ವಲ್ಪ ಜಾಸ್ತಿ ಮಣ್ಣು ಹಾಕುವುದೇ ಸರಿಯಾದ ಉತ್ತರ.

ಬಣ್ಣ ಮೈನಸ್ ಆಗಿದ್ದರೆ

ಈಗ ಬೇರೆ ಖನಿಜ ಬೇಕು. ಕಬ್ಬಿಣ, ಅಲ್ಯುಮಿನಿಯಂ ಆಕ್ಸೈಡುಗಳ ಮೇಲ್ಮೈ ಹುಳಿ ನೀರಿನಲ್ಲಿ ಪ್ಲಸ್ ಆಗಿರುತ್ತದೆ, ಕ್ಷಾರ ನೀರಿನಲ್ಲಿ ಮೈನಸ್ ಆಗುತ್ತದೆ. ತಿರುವು ಬರುವುದು ಸಾಮಾನ್ಯವಾಗಿ ಪಿಎಚ್ 7ರಿಂದ 9ರ ನಡುವೆ ಎಲ್ಲೋ. ನಮ್ಮ ಸಕಲೇಶಪುರ, ಮೂಡಿಗೆರೆ ಕಡೆಯ ಜಂಬಿಟ್ಟಿಗೆಯಲ್ಲಿ ಇರುವುದು ಇವೇ ಆಕ್ಸೈಡುಗಳು. ಅದಕ್ಕೆಂದು ಗುಡ್ಡ ಅಗೆಯಬೇಡಿ. ಕಲ್ಲು ಕೊಯ್ಯುವ ಜಾಗದಲ್ಲಿ ಬೀಳುವ ಪುಡಿಯೇ ಬೇಕಾದಷ್ಟಿರುತ್ತದೆ. ತೊಳೆದು, ಒಣಗಿಸಿ, ಜರಡಿ ಹಿಡಿದು ಬಳಸಿ.

ಬಳಪದ ಕಲ್ಲಿನ ಪುಡಿ ಆಗುತ್ತದಾ ಎಂದು ಬೇಲೂರು, ಹಳೇಬೀಡು ಕಡೆಯವರು ಕೇಳುವುದುಂಟು. ಕೆತ್ತನೆಗೆ ಅದಕ್ಕಿಂತ ಒಳ್ಳೆಯ ಕಲ್ಲಿಲ್ಲ. ಬಣ್ಣ ಹಿಡಿಯುವ ಕೆಲಸಕ್ಕೆ ಮಾತ್ರ ಅದು ಬಾರದು. ಅದರಲ್ಲಿರುವ ಟಾಲ್ಕ್, ಕ್ಲೋರೈಟ್ ಪದರಗಳಲ್ಲಿ ವಿನಿಮಯಕ್ಕೆ ಜಾಗ ತೀರಾ ಕಮ್ಮಿ.

ಜಂಬಿಟ್ಟಿಗೆ ಪುಡಿ ಹಾಕಿಯೂ ಬಣ್ಣ ಇಳಿಯದಿದ್ದರೆ ಪಿಎಚ್ ನೋಡಿ. ಹತ್ತಿಗೆ ರಿಯಾಕ್ಟಿವ್ ಬಣ್ಣ ಹಾಕುವಾಗ ಸೋಡಾ ಆಶ್ ಹಾಕುತ್ತಾರೆ. ಬಾತ್ ನೀರು, ಅಂದರೆ ಬಣ್ಣದ ತೊಟ್ಟಿಯ ನೀರು, ಪಿಎಚ್ 11ರ ಹತ್ತಿರ ಇರುತ್ತದೆ. ಆ ಪಿಎಚ್‌ನಲ್ಲಿ ಜಂಬಿಟ್ಟಿಗೆಯೂ ಮೈನಸ್, ಬಣ್ಣವೂ ಮೈನಸ್. ಒಂದನ್ನೊಂದು ಮುಟ್ಟುವುದಿಲ್ಲ. ಆಸಿಡ್ ಹಾಕಿ ಪಿಎಚ್ 4ರಿಂದ 5ಕ್ಕೆ ಇಳಿಸಿ. ಸೋಡಾ ಆಶ್ ಇರುವ ನೀರು ಉಕ್ಕುತ್ತದೆ, ಟ್ಯಾಂಕ್ ಅರ್ಧ ಖಾಲಿ ಇಟ್ಟುಕೊಂಡು ನಿಧಾನ ಹಾಕಿ. ಸಲ್ಫ್ಯೂರಿಕ್ ಬದಲು ಹೈಡ್ರೋಕ್ಲೋರಿಕ್ ಆಸಿಡ್ ಇರಲಿ. ಸಲ್ಫೇಟ್ ಕೂಡ ಮೈನಸ್, ಕಬ್ಬಿಣದ ಆಕ್ಸೈಡಿನ ಮೇಲೆ ಬಣ್ಣದ ಜೊತೆ ಜಾಗಕ್ಕೆ ಜಗಳ ಆಡುತ್ತದೆ. ಕ್ಲೋರೈಡ್ ಅಷ್ಟು ಗಟ್ಟಿ ಹಿಡಿಯುವುದಿಲ್ಲ. ಇದೇ ಕಾರಣಕ್ಕೆ ಬಾತಿಗೆ ಗ್ಲಾಬರ್ಸ್ ಉಪ್ಪು (ಸೋಡಿಯಂ ಸಲ್ಫೇಟ್) ಹಾಕುವ ಘಟಕಕ್ಕಿಂತ ಅಡುಗೆ ಉಪ್ಪು ಹಾಕುವ ಘಟಕದ ನೀರಿನಲ್ಲಿ ಜಂಬಿಟ್ಟಿಗೆ ಚೆನ್ನಾಗಿ ಕೆಲಸ ಮಾಡುತ್ತದೆ.

ಪಿಎಚ್ 3ಕ್ಕಿಂತ ಕೆಳಗೆ ಹೋಗಬೇಡಿ. ಕಬ್ಬಿಣ ಕರಗಿ ನೀರು ಹಳದಿಯಾಗುತ್ತದೆ. ಬಣ್ಣ ಇಳಿದಿಲ್ಲ ಎಂದು ಗಾಬರಿಯಾಗುವುದು ಆಗಲೇ. ಆ ಹಳದಿ ನೀರಿಗೆ ಸುಣ್ಣದ ತಿಳಿ ಹಾಕಿ ನೋಡಿ. ಕಂದು ಬಣ್ಣದ ಉಂಡೆ ಕಟ್ಟಿ ಕೂತರೆ ಅದು ಕಬ್ಬಿಣ.

ಒಂದು ಮಾತು ಮೊದಲೇ ತಿಳಿದಿರಲಿ. ಬೆಂಟೊನೈಟ್ ಮೆಥಿಲೀನ್ ಬ್ಲೂ ಹಿಡಿಯುವಷ್ಟು ಜಂಬಿಟ್ಟಿಗೆ ರಿಯಾಕ್ಟಿವ್ ಬಣ್ಣ ಹಿಡಿಯುವುದಿಲ್ಲ. ತುಂಬಾ ಕಡಿಮೆ ಹಿಡಿಯುತ್ತದೆ, ನಿಧಾನಕ್ಕೆ ಹಿಡಿಯುತ್ತದೆ. ನಿಮಿಷ ಅಲ್ಲ, ಗಂಟೆಗಳು ಬೇಕು. ಹಾಗಾಗಿ ಗಾಢ ಬಾತ್ ನೀರಿಗೆ ಅದನ್ನು ಬಳಸುವುದು ದಂಡ. ತೊಳೆದ ನೀರು, ಅಂದರೆ ಎರಡನೆಯ, ಮೂರನೆಯ ಡ್ರೈನ್ ನೀರಿಗೆ ಬಳಸಿ. ಅದರಲ್ಲಿ ಉಪ್ಪೂ ಕಮ್ಮಿ, ಬಣ್ಣವೂ ಕಮ್ಮಿ.

ಗಾಢ ನೀರಿಗೆ ಇನ್ನೊಂದು ದಾರಿ ಇದೆ, ನನಗೆ ತುಂಬಾ ಹಿಡಿಸಿದ್ದು. ನೀರು ಹೇಗೂ ಪಿಎಚ್ 11ರ ಹತ್ತಿರ ಇದೆ. ಆಸಿಡ್ ಸುರಿದು ಇಳಿಸುವ ಬದಲು ಅದೇ ಪಿಎಚ್ ಬಳಸಿಕೊಳ್ಳಿ. ಮೆಗ್ನೀಷಿಯಂ ಕ್ಲೋರೈಡ್ ಹಾಕಿ, ಬೇಕಾದರೆ ಸ್ವಲ್ಪ ಸುಣ್ಣ. ಪಿಎಚ್ 11ರ ಮೇಲೆ ಮೆಗ್ನೀಷಿಯಂ ಹೈಡ್ರಾಕ್ಸೈಡ್ ಬಿಳಿ ಉಂಡೆಯಾಗಿ ಬೀಳುತ್ತದೆ. ಅದರ ಮೇಲ್ಮೈ ಆ ಪಿಎಚ್‌ನಲ್ಲೂ ಪ್ಲಸ್. ರಿಯಾಕ್ಟಿವ್ ಬಣ್ಣವನ್ನು ಎಳೆದುಕೊಂಡು ಕೂರುತ್ತದೆ. ಪಿಎಚ್ 10ಕ್ಕೆ ಇಳಿದರೆ ಉಂಡೆ ಸರಿಯಾಗಿ ಕಟ್ಟುವುದಿಲ್ಲ, ಬಣ್ಣ ಉಳಿಯುತ್ತದೆ. ಇಲ್ಲಿ ದೋಷ ಬಂದರೆ ಮೊದಲು ನೋಡಬೇಕಾದ್ದು ಪಿಎಚ್ ಮೀಟರನ್ನು. ಕ್ಯಾಲಿಬ್ರೇಟ್ ಮಾಡದ ಮೀಟರ್ 10.3 ಇದ್ದುದನ್ನು 11 ಎಂದು ತೋರಿಸಿದರೆ ಇಡೀ ಬ್ಯಾಚ್ ಹೋಗುತ್ತದೆ.

ಹೈಡ್ರೋಟಾಲ್ಸೈಟ್ (ಮೆಗ್ನೀಷಿಯಂ, ಅಲ್ಯುಮಿನಿಯಂ ಇರುವ ಪದರ ಪದರದ ಖನಿಜ) ಪುಡಿಯನ್ನು 400ರಿಂದ 500 ಡಿಗ್ರಿಯಲ್ಲಿ ಸುಟ್ಟು ಬಳಸುವವರಿದ್ದಾರೆ. ಮೈನಸ್ ಬಣ್ಣಕ್ಕೆ ಅದು ಒಳ್ಳೆಯ ಖನಿಜವೇ. ಆದರೆ ಅದಕ್ಕೆ ಬಣ್ಣಕ್ಕಿಂತ ಕಾರ್ಬೊನೇಟ್ ಪ್ರೀತಿ ಜಾಸ್ತಿ. ಸೋಡಾ ಆಶ್ ನೀರಿಗೆ ಹಾಗೇ ಹಾಕಿದರೆ ಕಾರ್ಬೊನೇಟ್ ಹಿಡಿದುಕೊಂಡು ಬಣ್ಣ ಬಿಡುತ್ತದೆ. ಮೊದಲು ಆಸಿಡ್ ಹಾಕಿ ಕಾರ್ಬೊನೇಟನ್ನು ಗಾಳಿಗೆ ಹಾರಿಸಬೇಕು.

ಕ್ವಾಟರ್ನರಿ ಅಮೋನಿಯಂ ಹಚ್ಚಿದ ಬೆಂಟೊನೈಟೂ ಸಿಗುತ್ತದೆ. ಅದು ಮೈನಸ್ ಬಣ್ಣ ಹಿಡಿಯುತ್ತದೆ ಎನ್ನುವುದು ನಿಜ. ಹಚ್ಚಿದ್ದು ಜಾಸ್ತಿಯಾಗಿದ್ದರೆ ತೊಳೆದುಹೋಗಿ ನೀರಿಗೆ ಸೇರುತ್ತದೆ. ನೀರಿಗೆ ಗಾಳಿ ಊದುವ ಏರೇಷನ್ ಟ್ಯಾಂಕಿನಲ್ಲಿ ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳಿಗೂ ಮೀನಿಗೂ ಅದು ವಿಷ. ಅದನ್ನು ಬಳಸಿದ ವಾರ ಏರೇಷನ್ ಟ್ಯಾಂಕಿನಲ್ಲಿ ಬಿಳಿ ನೊರೆ ಎದ್ದು, ಕಂದು ಕೆಸರು ತೆಳುವಾಗುತ್ತಾ ಬಂದರೆ ತಕ್ಷಣ ನಿಲ್ಲಿಸಿ. ಕೆಳಗೆ ಹೊಳೆ ಇರುವ ಕಡೆ ನಾನಂತೂ ಇದನ್ನು ಬಳಸಿ ಎಂದು ಹೇಳುವುದಿಲ್ಲ.

ಅಳತೆಯೇ ಸುಳ್ಳು ಹೇಳಿದಾಗ

ಕೆಲವೊಮ್ಮೆ ನೀರು ಸರಿ ಇರುತ್ತದೆ, ರೀಡಿಂಗ್ ತಪ್ಪಿರುತ್ತದೆ. ಇನ್ನು ಕೆಲವೊಮ್ಮೆ ಉಲ್ಟಾ. ಮೆಥಿಲೀನ್ ಬ್ಲೂ ಮತ್ತು ಡೈರೆಕ್ಟ್ ಬಣ್ಣಗಳು ಫಿಲ್ಟರ್ ಕಾಗದಕ್ಕೇ ಅಂಟುತ್ತವೆ. ಕಾಗದವೂ ಹತ್ತಿಯ ಹಾಗೆ ಸೆಲ್ಯುಲೋಸ್ ತಾನೇ. ಸೋಸಿದ ನೀರು ತಿಳಿ ಕಂಡು ಖುಷಿಪಟ್ಟರೆ ಕಾಗದ ನೀಲಿಯಾಗಿ ಕೂತಿರುತ್ತದೆ. ಸೆಂಟ್ರಿಫ್ಯೂಜ್ ಮಾಡಿ, ಇಲ್ಲದಿದ್ದರೆ ರಾತ್ರಿಯಿಡೀ ಕೂರಿಸಿ ಮೇಲಿನದನ್ನು ಪಿಪೆಟ್‌ನಲ್ಲಿ ತೆಗೆಯಿರಿ. ಮೆಥಿಲೀನ್ ಬ್ಲೂವನ್ನು 664 ನ್ಯಾನೋಮೀಟರಿನಲ್ಲಿ ಓದುವಾಗ ರೀಡಿಂಗ್ 1ಕ್ಕಿಂತ ಮೇಲೆ ಹೋದರೆ ತೆಳು ಮಾಡಿ ಮತ್ತೆ ಓದಿ. ಗಾಢ ನೀರಿನಲ್ಲಿ ರೀಡಿಂಗ್ ಬಣ್ಣದ ಪ್ರಮಾಣಕ್ಕೆ ತಕ್ಕ ಹಾಗೆ ಏರುವುದಿಲ್ಲ. ಮೊದಲಿನ ನೀರು ಪಿಎಚ್ 11, ಆಮೇಲಿನದು 5 ಆಗಿದ್ದರೆ ಎರಡನ್ನೂ ಒಂದೇ ಪಿಎಚ್‌ಗೆ ತಂದು ಓದಿ. ಎಷ್ಟೋ ಬಣ್ಣಗಳು ಪಿಎಚ್ ಜೊತೆಗೇ ಬಣ್ಣ ಬದಲಿಸುತ್ತವೆ.

ಬಿಡುವ ನೀರಿಗೆ 2016ರ ಜವಳಿ ಮಾನದಂಡದಲ್ಲಿ ಬಣ್ಣ 150 ಪ್ಲಾಟಿನಂ ಕೋಬಾಲ್ಟ್ ಯೂನಿಟ್ ಮೀರಬಾರದು. ಪಿಎಚ್ 6.5ರಿಂದ 8.5. ನೀರಿನ ಕೊಳೆಗೆ ಎಷ್ಟು ಆಮ್ಲಜನಕ ಬೇಕು ಎನ್ನುವ ಎರಡು ಅಳತೆಗಳಲ್ಲಿ ಸಿಒಡಿ (ರಾಸಾಯನಿಕವಾಗಿ) 250, ಬಿಒಡಿ (ಬ್ಯಾಕ್ಟೀರಿಯಾಗಳಿಗೆ) 30, ಕರಗಿದ ಲವಣ 2100, ಎಲ್ಲ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಬಣ್ಣ ಇಳಿಯಿತು ಎಂದು ವಾಲ್ವ್ ತೆಗೆಯಬೇಡಿ. ಮಣ್ಣು ಉಪ್ಪನ್ನು ಇಳಿಸುವುದಿಲ್ಲ. ಹತ್ತಿಯ ಮೊದಲ ಡ್ರೈನಿನಲ್ಲಿ ಲೀಟರಿಗೆ 50 ಗ್ರಾಂ ಉಪ್ಪಿರುವುದು ಸಾಮಾನ್ಯ. ಅದಕ್ಕೆ ಆರ್‌ಒ (ಪೊರೆಯಲ್ಲಿ ಸೋಸುವ ಯಂತ್ರ), ಎವಾಪರೇಟರ್ (ನೀರು ಆವಿ ಮಾಡುವ ಯಂತ್ರ) ಬೇಕೇ ಬೇಕು. ಹಾಗೆಯೇ, ಗಾಳಿ ಆಡದ ಟ್ಯಾಂಕಿನಲ್ಲಿ ನೀರು ಕೊಳೆತು ತಾನಾಗಿಯೇ ಬಣ್ಣ ಕಳೆದುಕೊಂಡರೆ ನೆಮ್ಮದಿ ಪಡಬೇಡಿ. ಬ್ಯಾಕ್ಟೀರಿಯಾಗಳು ಅಜೋ ಬಣ್ಣವನ್ನು (ಸಾರಜನಕದ ಜೋಡಿ ಇರುವ ಬಣ್ಣದ ಜಾತಿ) ಮುರಿದಿರುತ್ತವೆ. ಆಗ ಹುಟ್ಟುವ ಅರೋಮ್ಯಾಟಿಕ್ ಅಮೀನುಗಳು ಕಣ್ಣಿಗೆ ಕಾಣುವುದಿಲ್ಲ, ಕೆಲವು ಬಣ್ಣಕ್ಕಿಂತಲೂ ಕೆಟ್ಟವು.

ಕಾಲಂ ಕೈಕೊಟ್ಟರೆ

ಕೆಲವರು ಮಣ್ಣನ್ನು ನೀರಿಗೆ ಹಾಕುವ ಬದಲು ಕಾಲಂ ಎಂಬ ಕೊಳವೆಯಲ್ಲಿ ತುಂಬಿ ಅದರ ಮೂಲಕ ನೀರು ಹಾಯಿಸುತ್ತಾರೆ. ಬೆಂಟೊನೈಟ್ ಪುಡಿಯನ್ನು ಅದರಲ್ಲಿ ತುಂಬಲೇಬೇಡಿ. ಉಬ್ಬಿ ಗೋಡೆಯಾಗುತ್ತದೆ, ಹನಿ ನೀರೂ ಇಳಿಯುವುದಿಲ್ಲ. ಕಾಲಂಗೆ ಜಿಯೋಲೈಟ್ (ಸಣ್ಣ ರಂಧ್ರಗಳಿರುವ ಖನಿಜ) ಅಥವಾ 0.5ರಿಂದ 2 ಮಿಲಿಮೀಟರಿನ ಜಂಬಿಟ್ಟಿಗೆ ನುಚ್ಚು ಸರಿ. ಹೊಸದಾಗಿ ತುಂಬಿದ ಕಾಲಂನಿಂದ ಮೊದಲ ದಿನವೇ ಬಣ್ಣ ಬಂದರೆ ನೀರು ಒಂದು ಪಕ್ಕದಲ್ಲಿ ದಾರಿ ಮಾಡಿಕೊಂಡಿದೆ. ಕೆಳಗಿನಿಂದ ನೀರು ಬಿಟ್ಟು ನುಚ್ಚನ್ನು ಎಬ್ಬಿಸಿ ಮತ್ತೆ ಕೂರಿಸಿ. ಕೆಲವು ದಿನ ಚೆನ್ನಾಗಿದ್ದು ಆಮೇಲೆ ಬಣ್ಣ ನಿಧಾನವಾಗಿ ಏರುತ್ತಾ ಬಂದರೆ ನುಚ್ಚು ತುಂಬಿದೆ, ಬದಲಾಯಿಸಿ. ತುಂಬಿದ ಕಾಲಂಗೆ ಪಿಎಚ್ ಏರಿದ ನೀರು ಬಂದರೆ ಹಿಡಿದಿದ್ದ ಬಣ್ಣವನ್ನೂ ಬಿಡುತ್ತದೆ. ಒಳಗೆ ಹೋದದ್ದಕ್ಕಿಂತ ಹೊರಬಂದ ನೀರು ಗಾಢ ಇದ್ದರೆ ಕಾರಣ ಅದೇ.

ಸ್ಲಡ್ಜ್ ಮತ್ತು ಮಳೆಗಾಲ

ಬೆಂಟೊನೈಟ್ ಸ್ಲಡ್ಜ್ ನೀರು ಬಿಡುವುದಿಲ್ಲ. ಡ್ರೈಯಿಂಗ್ ಬೆಡ್ ಮೇಲೆ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಜೂನ್ ಬಂದರೆ ಹಾಗೇ ಅಂಟು ಅಂಟು ಕೂರುತ್ತದೆ. ಸಕಲೇಶಪುರ ಕಡೆಯಂತೂ ಸೆಪ್ಟೆಂಬರ್‌ವರೆಗೆ ಒಣಗುವ ಮಾತೇ ಇಲ್ಲ. ಬೆಡ್ ಮೇಲೆ ಮಳೆ ಬಿದ್ದರೆ ಬಣ್ಣದ ಕೆಸರು ನೇರ ಚರಂಡಿಗೆ. ಶೀಟು ಹೊದಿಸಿದ ಬೆಡ್ ಇಲ್ಲದವರು ಫಿಲ್ಟರ್ ಪ್ರೆಸ್ (ಕೆಸರನ್ನು ಒತ್ತಿ ನೀರು ಹಿಂಡುವ ಯಂತ್ರ) ಇಟ್ಟುಕೊಳ್ಳುವುದೇ ಒಳ್ಳೆಯದು.

ಮಳೆಗಾಲದಲ್ಲಿ ಡೋಸ್ ತಪ್ಪುವುದಕ್ಕೆ ಇನ್ನೊಂದು ಕಾರಣ ಮೂಟೆಯೇ. ಬೆಂಟೊನೈಟ್ ಗಾಳಿಯ ತೇವ ಹೀರುತ್ತದೆ. ನೀವು ತೂಗಿ ಹಾಕುವ ತೂಕ ಅಷ್ಟೇ ಇರುತ್ತದೆ, ಅದರಲ್ಲಿ ಮಣ್ಣು ಕಡಿಮೆ ಇರುತ್ತದೆ. ಒಂದಿಷ್ಟು ತೂಗಿ, 105 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ತೂಗಿ, ಕಡಿಮೆಯಾದಷ್ಟನ್ನು ಡೋಸಿಗೆ ಸೇರಿಸಿ. ಮೂಟೆಗಳನ್ನು ನೆಲದ ಮೇಲೆ ಇಡದೆ ಹಲಗೆ ಮೇಲೆ ಜೋಡಿಸಿ.

ಆ ಘಟಕದಲ್ಲಿ ಈಗ ಅಕ್ರಿಲಿಕ್ ನೀರಿಗೆ ಒಂದು ಟ್ಯಾಂಕ್, ಹತ್ತಿಯ ನೀರಿಗೆ ಇನ್ನೊಂದು. ಬಣ್ಣ ಹಾಕುವ ಮೇಸ್ತ್ರಿ ಪ್ರತಿ ಲಾಟ್ ಶುರುವಾಗುವ ಮುಂಚೆ ಇಟಿಪಿಯ ಲಾಗ್ ಪುಸ್ತಕದಲ್ಲಿ ನೂಲು ಯಾವುದು, ಬಣ್ಣ ಯಾವ ಜಾತಿ, ಉಪ್ಪು ಯಾವುದು, ಸಾಫ್ಟನರ್ ಇದೆಯೋ ಇಲ್ಲವೋ ಎಂದು ಬರೆದು ಸಹಿ ಹಾಕುತ್ತಾರೆ. ಒಣಗಿದ ಸ್ಲಡ್ಜ್ ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ಹೋಗುತ್ತದೆ. ಕಳಿಸುವುದಿದ್ದರೆ ಮೇ ತಿಂಗಳಲ್ಲೇ ಲಾರಿ ಗೊತ್ತು ಮಾಡಿ. ಜೂನ್‌ನಲ್ಲಿ ಕಳಿಸಿದರೆ ಅರ್ಧ ತೂಕ ಮಳೆ ನೀರಿನದೇ ಇರುತ್ತದೆ, ಅದಕ್ಕೂ ನೀವೇ ದುಡ್ಡು ಕೊಡಬೇಕು.